ಮಿಲಿವೋಲ್ಟ್ ಕಾಕಾ

ಖಟಕ ಚಿಂಚೋಳಿಯಂಥ ಹೋಬಳಿ ಊರಿನಲ್ಲಿ ಒಬ್ಬರ ಮನೆಗೆ ಲಿಥಿಯಂ ಬ್ಯಾಟರಿ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. ತಾನಾಗಿ ಗೊತ್ತಾಗುವುದಿಲ್ಲ, ಅವರೇ ಗೊತ್ತು ಮಾಡಿಸುತ್ತಾರೆ. ಭಾಲ್ಕಿ ಬಸ್ಸಿಗೆ ಕಾಯುವವರ ನಡುವೆ ಸೋಯಾ ರೇಟು, ತೊಗರಿ ರೇಟು ಎಲ್ಲ ಮುಗಿದು ಮಾತು ತಣ್ಣಗಾದಾಗ, "ರಾತ್ರಿ ನಮ್ಮ ಮನ್ಯಾಗ 52.9 ಇತ್ತು ನೋಡ್ರಿ" ಅಂತ ಶುರು ಮಾಡುವವರೇ ಮಿಲಿವೋಲ್ಟ್ ಕಾಕಾ. "ಯಾರಿಗ್ರೀ? ದವಾಖಾನಿಗಿ ತೋರಿಸಿರಿಲ್ಲ?" ಎಂದು ಕೇಳಿದವನು ಅವತ್ತು ಬಸ್ ತಪ್ಪಿಸಿಕೊಂಡನೆಂದೇ ತಿಳಿಯಿರಿ.

ಕಾಕಾ ಐವತ್ತು ದಾಟಿದವರು. ಮಕ್ಕಳು ಒಬ್ಬ ಹೈದರಾಬಾದಿನಲ್ಲಿ, ಒಬ್ಬ ಪುಣೆಯಲ್ಲಿ. ಮೊದಲು ಮನೆಯಲ್ಲಿದ್ದದ್ದು ಟ್ಯೂಬುಲರ್ ಬ್ಯಾಟರಿ. ಆಗ ಅವರಿಗೆ ಕೈತುಂಬ ಕೆಲಸ. ಮುಚ್ಚಳ ತೆಗೆ, ಡಿಸ್ಟಿಲ್ಡ್ ವಾಟರ್ ಹಾಕು, ಟರ್ಮಿನಲ್ಲಿಗೆ ಹತ್ತಿದ ಹಸಿರು ಕೆರೆ, ವ್ಯಾಸಲಿನ್ ಬಳಿ. ಲುಂಗಿಗೆ ಆಸಿಡ್ ಬಿದ್ದು ತೂತಾದರೂ ಮುಖದಲ್ಲಿ ಒಂದು ಕಳೆ ಇತ್ತು. ಲಿಥಿಯಂ ಬಂದದ್ದೇ ತಡ, ಅದು ನೀರು ಕೇಳುವುದಿಲ್ಲ, ವ್ಯಾಸಲಿನ್ ಕೇಳುವುದಿಲ್ಲ, ಕಾಕಾನ ಮುಖವನ್ನೂ ಕೇಳುವುದಿಲ್ಲ. ಕಾಯಕವಿಲ್ಲದೆ ಕೂರುವುದು ಬಸವಣ್ಣನ ಸೀಮೆಯವರಿಗೆ ಆಗುವ ಮಾತೇ? ಹಾಗಾಗಿ ಕಾಕಾ ಮೊಬೈಲಿನಲ್ಲಿ, ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸರ್ಕೀಟಿನ ಆ್ಯಪ್ ತೆರೆದರು. ತೆರೆದದ್ದನ್ನು ಇನ್ನೂ ಮುಚ್ಚಿಲ್ಲ.

ಆ್ಯಪಿನಲ್ಲಿ ಕಾಣುವುದು ಹದಿನಾರು ಸೆಲ್. ಒಂದೊಂದೂ 3.2 ವೋಲ್ಟಿನದು, ಸಾಲಾಗಿ ಜೋಡಿಸಿದರೆ 51.2. ಚಾರ್ಜರಿಗೆ ಕಾಣುವುದು ಒಟ್ಟು ಲೆಕ್ಕ ಮಾತ್ರ. ಒಂದೊಂದು ಸೆಲ್ಲಿನ ಮೇಲೂ ಕಣ್ಣಿಡುವುದು ಬಿಎಂಎಸ್. ಹದಿನೈದು ಸೆಲ್ ಇನ್ನೂ 3.45ರಲ್ಲಿದ್ದರೂ ಉಳಿದೊಂದು 3.65 ಮುಟ್ಟಿತೋ, ಚಾರ್ಜ್ ಬಂದ್. ಪಂಗತಿಯಲ್ಲಿ ಒಬ್ಬ ತೇಗಿದನೆಂದು ಬಡಿಸುವವನು ಎಲ್ಲರ ಮುಂದಿನ ಬುಟ್ಟಿ ಎತ್ತಿಕೊಂಡು ಹೋದಂತೆ. ಇದು ಆಗದಿರಲಿ ಎಂದೇ ಬ್ಯಾಲೆನ್ಸಿಂಗ್. ತುಂಬಿದ ಸೆಲ್ಲಿನ ಹೆಚ್ಚಳವನ್ನು ಕೆಲವು ಬಿಎಂಎಸ್ ಶಾಖ ಮಾಡಿ ಸುಟ್ಟುಹಾಕುತ್ತವೆ, ಆ್ಯಕ್ಟಿವ್ ಬ್ಯಾಲೆನ್ಸರ್ ಇದ್ದರೆ ಹಸಿದ ಸೆಲ್ಲಿಗೆ ಸಾಗಿಸುತ್ತದೆ. ಕಾಕಾನದು ಸಾಗಿಸುವ ಜಾತಿ.

ಈ ಹದಿನಾರರಲ್ಲಿ ಏಳನೆಯದು ಕಾಕಾನ ವೈರಿ. ಹಗಲು ಮಾಳಿಗೆಯ ಸೋಲಾರಿನಿಂದ ಚಾರ್ಜ್ ಆಗುವಾಗ ಎಲ್ಲರಿಗಿಂತ ಮೇಲೆ, ರಾತ್ರಿ ಫ್ಯಾನು, ಫ್ರಿಜ್ ನಡೆದಾಗ ಎಲ್ಲರಿಗಿಂತ ಕೆಳಗೆ. "ಇದರ ಸ್ವಭಾವ ಛಲೋ ಇಲ್ಲ" ಅನ್ನುವುದು ಅವರ ತೀರ್ಮಾನ. ಬ್ಲೂಟೂತ್ ಹತ್ತು ಹೆಜ್ಜೆ ದಾಟಿದರೆ ಕೈಕೊಡುತ್ತದೆಂದು ಹೊರಸನ್ನು ಬ್ಯಾಟರಿ ಕೋಣೆಯ ಬಾಗಿಲಿಗೇ ಎಳೆದುಕೊಂಡಿದ್ದಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದರೂ ಭಜ್ಜಿ, ಸಜ್ಜಿ ರೊಟ್ಟಿಯ ಮುಂದೆ ಕೂತು ಮನೆಯಲ್ಲಿ ಉಳಿದ ಮೊಮ್ಮಗನಿಗೆ ಫೋನು: "ಏಳನೇದು ಎಷ್ಟದ?" ನೆಂಟರಿಗೆ ಅದು ಏಳನೇ ಕ್ಲಾಸಿನ ವಿಚಾರವೆಂದು ತೋರಿ, ಹುಡುಗ ಚುರುಕಿದ್ದಾನೆಂದು ಹೊಗಳಿದರು.

ಪಕ್ಕದ ಮನೆಯವರು ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ 78,000 ರೂಪಾಯಿ ಸಬ್ಸಿಡಿ ಪಡೆದವರು. ಅದು ಬ್ಯಾಟರಿ ಇಲ್ಲದ ಆನ್‌ಗ್ರಿಡ್. ಲೈಟ್ ಹೋದರೆ, ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಅಪಾಯ ಆಗಬಾರದೆಂದು ತಾನೂ ಬಂದ್ ಆಗುತ್ತದೆ. ಆಗ ಕಾಕಾನ ಮನೆಯಲ್ಲಿ ಮಾತ್ರ ದೀಪ ಉರಿಯಬೇಕು. ಉರಿಯುತ್ತದೆ, ಒಂದೇ. "ಉಳದದ್ದು ಯಾಕ್ ಹಚ್ಚತೀರಿ, ಡೆಲ್ಟಾ ಹೆಚ್ಚಾಗತದ." ಡೆಲ್ಟಾ ಅಂದರೆ ಅತಿ ಮೇಲಿನ ಸೆಲ್ಲಿಗೂ ಅತಿ ಕೆಳಗಿನದಕ್ಕೂ ಇರುವ ಅಂತರ. ಆ ಮನೆಯಲ್ಲಿ ಸಕ್ಕರೆ ಕಾಯಿಲೆಗಿಂತ ಅದಕ್ಕೇ ಹೆಚ್ಚು ಪಥ್ಯ. ಯಾರಾದರೂ ನಕ್ಕರೆ ಕಾಕಾ ವಿಜ್ಞಾನಿ ಗುಡ್‌ಇನಫ್ ಅವರನ್ನು ಎಳೆದು ತರುತ್ತಾರೆ. ಈ ಕಬ್ಬಿಣ-ಫಾಸ್ಫೇಟ್ ಸೆಲ್ಲಿನ ದಾರಿಯನ್ನು 1997ರಲ್ಲಿ ತೋರಿಸಿದವರ ಗುರು, 2019ರಲ್ಲಿ ನೊಬೆಲ್ ಬಂದಾಗ 97 ವರ್ಷ. "ನನಗಿನ್ನಾ ಟೈಮ್ ಅದ."

ಬೀದರಿನಲ್ಲಿ ಡಿಪ್ಲೊಮಾ ಓದುವ ತಂಗಿಯ ಮಗ ರಜೆಗೆ ಬಂದವನು ಮೊಬೈಲ್ ನೋಡಲಿಲ್ಲ, ನೇರ ಸೆಲ್ಲಿನ ತಲೆಗೇ ಮಲ್ಟಿಮೀಟರ್ ಹಿಡಿದ. ಏಳನೆಯದೂ ಉಳಿದವುಗಳಂತೆಯೇ ಇತ್ತು. ಪಾನಾಕ್ಕೆ ನಟ್ಟು ಹಿಡಿಯುವ ಬಾಯಿಯಷ್ಟೇ ಬಿಟ್ಟು ಉದ್ದಕ್ಕೂ ಟೇಪ್ ಸುತ್ತಿ, ತಾಮ್ರದ ಪಟ್ಟಿಯ ಮೇಲಿನ ನಟ್ಟನ್ನು ಅರ್ಧ ಸುತ್ತು ಬಿಗಿದ. ಆ್ಯಪಿನಲ್ಲಿ ಮೇಲೆ ಕೆಳಗೆ ಜಿಗಿಯುತ್ತಿದ್ದ ಅಂಕಿ ಅಲ್ಲೇ ತೆಪ್ಪಗಾಯಿತು.

"ಮಾವಾ, ಬ್ಯಾಲೆನ್ಸ್ ಎಷ್ಟಕ್ಕ ಶುರು ಇಟ್ಟೀರಿ?"

"3 ವೋಲ್ಟಿಗೆ. ಹಗಲಾ ರಾತ್ರಿ ನಡೀಲಿ ಅಂತ."

ಹುಡುಗ ಹಣೆ ಹಿಡಿದುಕೊಂಡ. ಈ ಸೆಲ್ ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಮಲಗಿರುತ್ತದೆ. ನಿಜವಾದ ಅಂತರ ಕಾಣುವುದು 3.4 ದಾಟಿದ ಮೇಲೆ. ರಾತ್ರಿ ಸಡಿಲ ನಟ್ಟಿನಿಂದ ಏಳನೆಯದು ಬಡವನಂತೆ ಕಂಡು, ಹದಿನೈದು ಸೆಲ್ ಸೇರಿ ಅದಕ್ಕೆ ದಾನ ಮಾಡಿವೆ. ಮಧ್ಯಾಹ್ನ ಅದೇ ಮೊದಲು ತುಂಬಿ ಎಲ್ಲರ ಚಾರ್ಜ್ ಕಡಿದಿದೆ. ವೈರಿಯನ್ನು ಉಣಿಸಿ ಬೆಳೆಸಿದವರು ಕಾಕಾನೇ. ಹುಡುಗ ಶುರುವಿನ ಅಂಕಿಯನ್ನು 3.42ಕ್ಕೆ ಏರಿಸಿ, "ಇನ್ನ ನಾಕೈದ್ ದಿನ ಮಧ್ಯಾಹ್ನ ಫುಲ್ ಆಗಿ ನಿಲ್ಲಲಿ, ಎಲ್ಲಾ ಸರಿ ಆಗತದ" ಎಂದು ಬೀದರಿನ ಬಸ್ ಹಿಡಿದ.

ಮಧ್ಯಾಹ್ನವೇ ಈಗಿನ ತಕರಾರು. ಕಾಕಾನ ಹೆಂಡತಿ ಕಾಕು ಆ್ಯಪ್ ಮುಟ್ಟಿದವರಲ್ಲ. ಆದರೆ ಬಿಸಿಲು ನೆತ್ತಿಗೆ ಬಂದಾಗ ಪ್ಯಾನಲ್ಲಿನ ಕರೆಂಟು ಉಳಿಯುತ್ತದೆ, ಆಗ ಏನು ಹಚ್ಚಿದರೂ ಬ್ಯಾಟರಿಗೆ ಭಾರವಿಲ್ಲ ಎಂಬುದನ್ನು ಮೊದಲ ವಾರದಲ್ಲೇ ಕಂಡುಕೊಂಡಿದ್ದಾರೆ. ಹನ್ನೆರಡಕ್ಕೆ ಬೋರಿನ ಮೋಟರ್, ಹಿಂದೆಯೇ ಇಸ್ತ್ರಿ, ಆಮೇಲೆ ಮಿಕ್ಸರ್. ಓಣಿಯ ಹೆಂಗಸರೂ ಹುರಿದ ಶೇಂಗಾ ಡಬ್ಬಿ ಹಿಡಿದು ಅದೇ ಹೊತ್ತಿಗೆ ಬರುತ್ತಾರೆ.

"3.41 ಬಂದಿತ್ತು! ಒಂದ್ ತಾಸು ತಡೀರಿ, ಬ್ಯಾಲೆನ್ಸ್ ಶುರು ಆಗೋದದ!" ಹೊರಸಿನಿಂದ ಕೂಗು.

"ನಿಮ್ಮ ಸೆಲ್ಲಿಗಿ ನಾಳಿ ಬಿಸಲದ್ರೀ," ಕಾಕು ಜಾರಿನ ಮುಚ್ಚಳ ಒತ್ತಿ ಹಿಡಿದು ಗುಂಡಿ ತಿರುಗಿಸಿದರು. "ಹಿಂಡಿ ಇವತ್ತಿನ ಊಟಕ್ಕ ಬೇಕು."