ಹೆಡತಲೆ ಪುರಾಣ

ಮಂಚದ ಕೆಳಗೆ ಉರುಳಿದ ಪೆನ್ನಿನ ಮುಚ್ಚಳಕ್ಕೆಂದು ತೂರಿದವನು ತಲೆಯೆತ್ತಿದೆ. ಮಂಚದ ಪಟ್ಟಿ ಠಣ್ಣೆಂದು ಬಡಿಯಿತು. ನಡುಹಗಲಲ್ಲೇ ನಕ್ಷತ್ರ ಕಂಡವು. ಮಗಳು ಬಿಡದೆ ಆಸ್ಪತ್ರೆಗೆ ಎಳೆದೊಯ್ದಳು. ಸ್ಕ್ಯಾನ್ ಆಯಿತು, ರಿಪೋರ್ಟ್ ಬಂತು: 'ಆಕ್ಸಿಪಿಟಲ್ ಸ್ಕ್ಯಾಲ್ಪ್ ಹೆಮಟೋಮಾ'. ಓದಿದ್ದೇ ಕೈಕಾಲು ತಣ್ಣಗಾದವು. ಇಷ್ಟುದ್ದದ ಹೆಸರಿನ ಕಾಯಿಲೆ ಬಂದು ಬದುಕಿದವರನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ಉಯಿಲು ಬರೆಯುವಷ್ಟು ಆಸ್ತಿ ಇಲ್ಲವೆಂಬುದೊಂದೇ ಸಮಾಧಾನ.

ಮನೆಗೆ ಬಂದರೆ ಅಮ್ಮ ಬೆರಳಲ್ಲಿ ಒತ್ತಿ ನೋಡಿ, "ಹೆಡತಲೇಲಿ ಬುಗುಟೆ ಎದ್ದಿದೆ. ಇಷ್ಟು ಹೇಳೋಕೆ ಅವರಿಗೆಷ್ಟು ಸುರಿದೆ?" ಎಂದಳು.

ನಿಘಂಟು ತೆಗೆದೆ. ಅಮ್ಮನದೇ ಸರಿ. ಲ್ಯಾಟಿನ್ನಿನಲ್ಲಿ 'ಕಾಪುಟ್' ಅಂದರೆ ತಲೆ. ಅದಕ್ಕೆ ಎದುರುಬದಿ ಎಂಬರ್ಥದ 'ಓಬ್' ಅಂಟಿಕೊಂಡು ಆಕ್ಸಿಪುಟ್. ನಮ್ಮ 'ಹೆಡ' ಅಂದರೆ ಹಿಂಬದಿ. ಹೆಡ, ತಲೆ ಸೇರಿ ಹೆಡತಲೆ. ರೋಮಿನವರು ಹೇಳಿದರೆ ಶಾಸ್ತ್ರ, ಅಮ್ಮ ಹೇಳಿದರೆ ಹಳ್ಳಿಮಾತು! ಹಾಲು ಇನ್ನೂ ಪಾಲ್, ಹುಲಿ ಇನ್ನೂ ಪುಲಿ ಆಗಿದ್ದ ಹಳಗನ್ನಡದಲ್ಲಿ ಇದು ಪೆಡತಲೆ. ಕೈಗಳನ್ನು ಬೆನ್ನಹಿಂದೆ ತಿರುಚಿ ಹೆಡಮುರಿ ಕಟ್ಟುತ್ತಾರಲ್ಲ, ಅದೂ ಇದೇ ಹೆಡ. ಪತ್ರಿಕೆಯವರು ಡಕಾರಕ್ಕೊಂದು ಎತ್ವ ಕೊಟ್ಟು 'ಹೆಡೆಮುರಿ' ಮಾಡಿ, ಪಾಪ, ಸರಗಳ್ಳನನ್ನೂ ನಾಗರಹಾವಿನ ಪದವಿಗೇರಿಸಿದ್ದಾರೆ.

ತಲೆಯ ಪದಗಳು ಇದ್ದಲ್ಲಿರುವುದಿಲ್ಲ. ಸಂಸ್ಕೃತದಲ್ಲಿ ಕಪಾಲವೆಂದರೆ ತಲೆಬುರುಡೆ, ಶಿವನ ಕೈಯಲ್ಲಿರುವುದು. ಕನ್ನಡದಲ್ಲಿ ಕಪಾಳ ಕೆನ್ನೆಗಿಳಿದಿದೆ. ಮೂರನೇ ಕ್ಲಾಸಿನ ಮಗ್ಗಿಯ ಪಾಠದಲ್ಲಿ ನನಗೆ ಅದರ ಮೋಕ್ಷವೂ ಆಗಿದೆ.

ನಕ್ಷತ್ರದ ಗುಟ್ಟೂ ಹೆಡತಲೆಯಲ್ಲೇ. ಕಣ್ಣು ಮುಂದಿದ್ದರೂ, ಕಂಡದ್ದೇನೆಂದು ತಿಳಿಯುವ ಮಿದುಳಿನ ಭಾಗ ಇರುವುದು ಹಿಂದೆ. ಅಲ್ಲಿಗೆ ಪೆಟ್ಟು ಬಿದ್ದರೆ ಇಲ್ಲದ ಬೆಳಕೂ ಕಾಣುತ್ತದೆ. ಅಂದಮೇಲೆ, ಒಲೆಗೆ ಮುಖ ಮಾಡಿ ನಿಂತ ಅಮ್ಮನಿಗೆ ನಾನು ಬೆಲ್ಲದ ಡಬ್ಬಿಗೆ ಕೈಹಾಕಿದ್ದು ಹೇಗೆ ಕಾಣುತ್ತಿತ್ತೆಂಬ ಒಗಟು ಐವತ್ತು ವರ್ಷದ ಮೇಲೆ ಬಿಡಿಸಿದಂತಾಯಿತು. ಡಾಕ್ಟರು ಒಪ್ಪಲಾರರು; ಅವರು ನಮ್ಮ ಅಮ್ಮನನ್ನು ನೋಡಿಲ್ಲ.

ಬುಗುಟೆ ನಾಲ್ಕೇ ದಿನಕ್ಕೆ ಇಳಿಯಿತು. ಮುಚ್ಚಳ ಮಾತ್ರ ಇನ್ನೂ ಮಂಚದ ಕೆಳಗೇ ಇದೆ.