ಅರಾಜಕತೆಯ ಮೇಷ್ಟ್ರು

ಬಾಣಸವಾಡಿಗೆ ಅಂತರರಾಷ್ಟ್ರೀಯ ಸಂಬಂಧ ಹೊಸತೇನಲ್ಲ. ಪಕ್ಕದ ಕಮ್ಮನಹಳ್ಳಿಯಲ್ಲಿ ಆಫ್ರಿಕದ ಹುಡುಗರು ಬಾಡಿಗೆ ಮನೆಯ ಅಡ್ವಾನ್ಸಿಗೆ ಚೌಕಾಸಿ ಮಾಡಿ ವರ್ಷಗಳೇ ಆದವು. ಆದರೂ ನಮ್ಮ ಬೀದಿಯ ಮೇಷ್ಟ್ರು ಅದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದ್ದಾರೆ ಅಂದರೆ ಜನ ಕೇಳುವುದು ಒಂದೇ ಮಾತು: "ಸಾರ್, ನಮ್ಮ ಹುಡುಗನಿಗೆ ವೀಸಾ ಮಾಡಿಸಿಕೊಡ್ತೀರಾ?"

ಅಯ್ಯೋ ಸ್ವಾಮಿ, ಅವರು ಸಿದ್ಧಾಂತದವರು! ವೀಸಾ, ರಾಯಭಾರ, ಔತಣಕೂಟ ಎಲ್ಲ ಬೇರೆಯವರ ಪಾಲು. ದೇಶದೇಶಗಳ ಮೇಲೆ ಯಜಮಾನನೂ ಇಲ್ಲ, ಪೊಲೀಸಪ್ಪನೂ ಇಲ್ಲ, ಇಂಥ ಅರಾಜಕತೆಯಲ್ಲಿ ಪ್ರತಿ ದೇಶವೂ ತನ್ನ ತಲೆ ತಾನೇ ಕಾಯಬೇಕು ಎಂಬುದು ಇವರ ಪಾಠ. ಅಮೆರಿಕದ ಕೆನೆತ್ ವಾಲ್ಟ್ಸ್ 1979ರಲ್ಲಿ ಇದಕ್ಕಾಗಿ ಒಂದು ಪುಸ್ತಕವನ್ನೇ ಬರೆದ. ನಮ್ಮ ಅಡ್ಡರಸ್ತೆಯಲ್ಲಿ ಒಂದು ಸಂಜೆ ನಿಂತಿದ್ದರೆ ಸಾಕಿತ್ತು. ಗೇಟಿನ ಮುಂದೆ ಯಾರೂ ಕಾರು ನಿಲ್ಲಿಸದಿರಲಿ ಅಂತ ಒಬ್ಬರು ಒಂದು ಹೂಕುಂಡ ಇಟ್ಟರು. ಎದುರು ಮನೆಯವರು ಎರಡು ಇಟ್ಟರು. ಮೂಲೆಮನೆಯವರು ಕಲ್ಲು ಹಾಕಿ ಸರಪಳಿ ಎಳೆದರು. ಈಗ ಎಲ್ಲರೂ ಸುರಕ್ಷಿತ, ಕಾರು ನಿಲ್ಲಿಸಲು ಮಾತ್ರ ಯಾರಿಗೂ ಜಾಗವಿಲ್ಲ. ಮೇಷ್ಟ್ರು ಇದನ್ನು 'ಭದ್ರತಾ ಸಂದಿಗ್ಧ' ಅನ್ನುತ್ತಾರೆ. ಅವರ ಸ್ಕೂಟರೂ ಹೊರಗೇ ಇದೆ.

ಈ ಶಾಸ್ತ್ರಕ್ಕೆ ಮೊದಲ ಪೀಠ ಸಿಕ್ಕಿದ್ದು 1919ರಲ್ಲಿ, ವೇಲ್ಸಿನ ಕಡಲತೀರದ ಆಬರಿಸ್ಟ್ವಿತ್‌ನಲ್ಲಿ. ಇನ್ನು ಯುದ್ಧವೇ ಆಗದಿರಲಿ ಅಂತ ಶಾಂತಿಯ ಕನಸುಗಾರ ವುಡ್ರೋ ವಿಲ್ಸನ್ ಹೆಸರನ್ನೇ ಅದಕ್ಕೆ ಇಟ್ಟರು. 1936ರಲ್ಲಿ ಆ ಪೀಠಕ್ಕೆ ಬಂದ ಇ.ಎಚ್. ಕಾರ್ ಅಲ್ಲೇ ಕೂತು ಅಂಥ ಕನಸುಗಳನ್ನೆಲ್ಲ ಝಾಡಿಸಿ ಪುಸ್ತಕ ಬರೆದ. ಅದು ಅಚ್ಚಾಗಿ ಬಂದದ್ದು 1939ರಲ್ಲಿ, ಮಹಾಯುದ್ಧ ಶುರುವಾಗುವ ಹೊತ್ತಿಗೆ ಸರಿಯಾಗಿ. ಕಾರ್‌ಗಾದರೂ ಕೂತು ಬೈಯಲು ಪೀಠವಿತ್ತು. ನಮ್ಮ ಮೇಷ್ಟ್ರು ಅತಿಥಿ ಉಪನ್ಯಾಸಕರು. ವರ್ಷವರ್ಷವೂ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್. ಪಾಠ ಮಾಡುವುದು ಬಹುಪಾಲು ಸಂವಿಧಾನ, ಪಂಚಾಯತ್ ರಾಜ್. ಸಿದ್ಧಾಂತದ ಸರದಿ ಬರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ.

ವಾಲ್ಟ್ಸ್ ಇನ್ನೊಂದು ಮಾತು ಹೇಳಿದ್ದಾನೆ: ಸಿದ್ಧಾಂತ ಕಟ್ಟಬೇಕಾದದ್ದು ಮಹಾಶಕ್ತಿಗಳ ಮೇಲೆ, ಮಲೇಷ್ಯಾ, ಕೋಸ್ಟರಿಕದಂಥ ದೇಶಗಳ ಮೇಲಲ್ಲ. ವಿಭಾಗದ ಮೀಟಿಂಗಿನಲ್ಲಿ ನಮ್ಮ ಮೇಷ್ಟ್ರೇ ಕೋಸ್ಟರಿಕ. ಆ ದೇಶ 1948ರಲ್ಲೇ ಸೈನ್ಯ ವಿಸರ್ಜಿಸಿತು. ಇವರಿಗೆ ಮೊದಲಿನಿಂದಲೂ ಇರಲಿಲ್ಲ.

ಇಷ್ಟಕ್ಕೂ ಅವರ ಪ್ರಬಂಧದ ತುಂಬ ಷಿಕಾಗೋ, ಲಂಡನ್ನಿನವರೇ. ಅರೆ, 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷಿಗೂ ತಂದರಲ್ಲ! ಗಡಿಗೆ ಹತ್ತಿದವನು ಶತ್ರು, ಅವನಾಚೆಯವನು ಮಿತ್ರ ಎಂದು ಹನ್ನೆರಡು ರಾಜರ ಮಂಡಲವನ್ನೇ ಕೌಟಿಲ್ಯ ಅದರಲ್ಲಿ ಹಾಕಿಕೊಟ್ಟಿದ್ದಾನೆ. ಹೀಗಂದರೆ ಮೇಷ್ಟ್ರು ನಗುತ್ತಾರೆ: "ಕೌಟಿಲ್ಯನನ್ನ ಮುಂದಿಟ್ಟರೆ ಪೇಪರ್ ವಾಪಸ್ ಬರುತ್ತೆ ಸಾರ್. ವಾಲ್ಟ್ಸ್ ಮುಂದೆ, ಕೌಟಿಲ್ಯ ಅಡಿಟಿಪ್ಪಣಿ." ಪಶ್ಚಿಮದ ಆಚೆ ಸಿದ್ಧಾಂತ ಏಕಿಲ್ಲ ಎಂದು ಇದೇ ಶಾಸ್ತ್ರದ ವಿದ್ವಾಂಸರಾದ ಅಮಿತಾವ್ ಆಚಾರ್ಯ ಮತ್ತು ಬ್ಯಾರಿ ಬುಜಾನ್ 2007ರಲ್ಲಿ ಕೇಳಿದರು. ಕೇಳಿದ್ದೂ ಇಂಗ್ಲಿಷ್ ಜರ್ನಲ್ಲಿನಲ್ಲೇ.

ಬಲವೇ ಎಲ್ಲ ಎಂದು ಸಾರುವ ಪಾಠವನ್ನು ಬಲವೇ ಇಲ್ಲದವರ ಕೈಲಿ ಹೇಳಿಸುತ್ತೇವೆ, ಅದೇ ತಮಾಷೆ. ನಿಮ್ಮ ಮಗನೋ ಮಗಳೋ ಇದೇ ಓದಿಗೆ ಹೊರಟರೆ ತಡೆಯಬೇಡಿ. ಮೊದಲು ಮೇಷ್ಟ್ರಾಗಲು ಬೇಕಾದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸು ಮಾಡಲಿ, ಆಮೇಲೆ ವಾಲ್ಟ್ಸ್ ಓದಲಿ. ಮದುವೆ ಮಾತುಕತೆಯಲ್ಲಿ ಮಾತ್ರ "ಫಾರಿನ್ ವ್ಯವಹಾರದ ಪ್ರೊಫೆಸರ್" ಅನ್ನಿ. ಅದೂ ರಾಜತಂತ್ರವೇ.