ಕರೆಂಟು ಹೋದಾಗ ಕೇಳಿಸುವ ಊರುಗಳು

"ಅಕ್ಕಾರ, ಮಾಳಿಗಿ ಮ್ಯಾಲೆ ಅದೇನ್ರಿ ತಂತಿ? ಅರಿವಿ ಒಣಗಹಾಕಾಕ ಅನ್ಕೊಂಡಿದ್ದೆ. ಆದ್ರ ಅಷ್ಟು ಎತ್ತರಕ್ಕ ಯಾರ ಕೈ ಮುಟ್ಟತೈತಿ?"

ಕೇಳಿದವರು ಪಕ್ಕದ ಬಾಲ್ಕನಿಯ ಧಾರವಾಡದ ಹೆಣ್ಣುಮಗಳು. ಗಾಜಿಯಾಬಾದಿನ ವಸುಂಧರಾದ ನಮ್ಮ ಕಟ್ಟಡಕ್ಕೆ ಅವರು ಬಂದು ತಿಂಗಳು ತುಂಬಿಲ್ಲ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವವರು ಸಿಕ್ಕಿದರೆ ನಾನು ಸುಮ್ಮನಿರುವುದುಂಟೇ? ಒಲೆಯ ಮೇಲಿದ್ದ ಸಾರು ಇಳಿಸಿ ಬಂದು ಕಂಬಿಗೆ ಕೈಯೂರಿ ನಿಂತೆ.

ಅದು ನನ್ನ ಆಂಟೆನಾ ಕಣ್ರೀ. ನಡುವೆ ಒಂದು ಬಿದಿರು ಗಳ, ಅದರ ತುದಿಯಿಂದ ಎರಡು ಕಡೆಗೂ ಇಳಿಬಿಟ್ಟ ಹತ್ತತ್ತು ಮೀಟರ್ ತಾಮ್ರದ ತಂತಿ. ನಾನು ಮಾತಾಡುವುದು 7 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಒಂದು ಅಲೆಯ ಉದ್ದ ಸುಮಾರು ನಲವತ್ತು ಮೀಟರ್, ತಂತಿ ಅದರ ಅರ್ಧದಷ್ಟಿದ್ದರೆ ಚೆನ್ನಾಗಿ ಹೊರಡುತ್ತದೆ. ಮಧ್ಯದಿಂದ ಇಳಿದ ಕೇಬಲ್ ನಮ್ಮ ಊಟದ ಮನೆಯ ಮೂಲೆ ಮೇಜಿಗೆ ಬರುತ್ತದೆ. ಅಲ್ಲಿ ಒಂದು ಪುಟ್ಟ ಸೆಟ್ಟು, ಯುಪಿಎಸ್‌ಗೆ ಹಾಕುವ 12 ವೋಲ್ಟಿನ ಬ್ಯಾಟರಿ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಮೋರ್ಸ್ ಕುಟ್ಟುವ ಕೀ. ಇದಕ್ಕೆ ಹ್ಯಾಮ್ ರೇಡಿಯೋ ಅಂತಾರೆ. ಪರೀಕ್ಷೆ ಬರೆದು, ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗದಿಂದ ಲೈಸೆನ್ಸ್ ಪಡೆದು ಮಾಡುವ ಹವ್ಯಾಸ. ಮೊದಲು ತಂತಿ ಕಟ್ಟಿದಾಗ ಕಟ್ಟಡದ ಹಿರಿಯರು ಗಾಬರಿಯಾಗಿದ್ದರು. ಲೈಸೆನ್ಸ್ ತೋರಿಸಿದೆ, ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ಅವರ ಸಂಕೇತ ವಿಯು2ಆರ್‌ಜಿ ಎಂದು ಹೇಳಿದೆ. ಆಮೇಲೆ ಅವರೇ ಗಳ ನಿಲ್ಲಿಸಲು ಕೈ ಕೊಟ್ಟರು.

"ಎಷ್ಟು ದೂರ ಹೋಗತೈತ್ರಿ ಇದು?"

ಊರಿಗೂ ಹೋಗುತ್ತದೆ, ಆಕಾಶ ಒಪ್ಪಿದರೆ ಯುರೋಪಿಗೂ ಹೋಗುತ್ತದೆ. ಬಳಸುವುದು ಐದು ವ್ಯಾಟ್.

"ಐದ ವ್ಯಾಟ? ನಮ್ಮ ದೇವರಮನಿ ಬಲ್ಬ ಒಂಬತ್ತು ವ್ಯಾಟ್ ಐತಲ್ರೀ!"

ಅದೇ ನೋಡಿ ಇದರ ಸೊಗಸು. ಲೈಸೆನ್ಸ್ ನೂರಾರು ವ್ಯಾಟಿಗೆ ಅವಕಾಶ ಕೊಡುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಸೆಟ್ಟೇ ನೂರು ವ್ಯಾಟಿನದು. ಆದರೂ ಕೆಲವರು ಬೇಕೆಂದೇ ಐದಕ್ಕೆ ಇಳಿಸಿಕೊಳ್ಳುತ್ತೇವೆ. ಜಗತ್ತಿನ ಹ್ಯಾಮ್‌ಗಳೆಲ್ಲ ಇದನ್ನು ಕ್ಯೂಆರ್‌ಪಿ ಎನ್ನುತ್ತಾರೆ. ಮೋರ್ಸಿನಲ್ಲಾದರೆ ಐದು ವ್ಯಾಟ್, ಧ್ವನಿಯಲ್ಲಾದರೆ ಹತ್ತು, ಅದರ ಮೇಲಿಲ್ಲ. ನೂರರಿಂದ ಐದಕ್ಕೆ ಇಳಿದರೆ ಇಪ್ಪತ್ತನೇ ಒಂದು ಪಾಲು ಉಳಿಯಿತಲ್ಲ, ಮಾತು ಮುಗಿದೇಹೋಯಿತು ಅನ್ನಿಸುತ್ತದೆ. ಕೇಳುವವರ ಮೀಟರಿನಲ್ಲಿ ಆಗುವ ವ್ಯತ್ಯಾಸ 13 ಡೆಸಿಬೆಲ್, ಮುಳ್ಳು ಎರಡು ಮನೆ ಕೆಳಗಿಳಿಯುತ್ತದೆ, ಅಷ್ಟೇ. ಒಂಬತ್ತರಲ್ಲಿ ಕೇಳುತ್ತಿದ್ದದ್ದು ಏಳರಲ್ಲಿ ಕೇಳುತ್ತದೆ. ನನಗೆ ಈ ಲೆಕ್ಕ ಅರ್ಥವಾದ ದಿನ ದೊಡ್ಡ ಸೆಟ್ಟಿನ ಆಸೆಯೇ ಹೋಯಿತು.

ಶಕ್ತಿ ಸಾಲದೆಂಬುದು ದಿಲ್ಲಿಯ ಕಷ್ಟವಲ್ಲ, ಗದ್ದಲ ಇಲ್ಲಿನ ಕಷ್ಟ. ಬೀದಿಯ ಹಾರ್ನಿನ ಗದ್ದಲ ಹೇಳುತ್ತಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ವೈಫೈ ಅಡಾಪ್ಟರು, ಇನ್ವರ್ಟರ್ ಎಸಿ, ಲಿಫ್ಟಿನ ಮೋಟಾರು, ಎಲ್ಲದರ ಹೊಟ್ಟೆಯಲ್ಲೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವ ಸರ್ಕ್ಯೂಟ್ ಇರುತ್ತದೆ. ಪ್ರತಿ ಕಡಿತಕ್ಕೂ ಒಂದಿಷ್ಟು ರೇಡಿಯೋ ಅಲೆ ಹೊರಗೆ ಸೋರುತ್ತದೆ. ಅಗ್ಗದ ಚಾರ್ಜರಿನಲ್ಲಿ ಅದನ್ನು ತಡೆಯುವ ಬಿಡಿಭಾಗವನ್ನೇ ಹಾಕಿರುವುದಿಲ್ಲ. ಹೆಡ್‌ಫೋನು ಹಾಕಿಕೊಂಡರೆ ಒಂದೇ ಸಮ ಗರ್ರ್ ಅನ್ನುತ್ತದೆ. ಧನತೇರಸ್ ದಿನ ಚೀನೀ ದೀಪದ ಸರಗಳು ಬಾಲ್ಕನಿಗಳಿಂದ ಇಳಿಬಿದ್ದವೋ, ಹಬ್ಬ ಮುಗಿಯುವವರೆಗೆ ಸಂಜೆ ಹೊತ್ತು ನಾನು ಸೆಟ್ಟು ಮುಟ್ಟುವುದಿಲ್ಲ.

ಅದಕ್ಕೂ ಉಪಾಯವಿದೆ. ಜೇಬಿನ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಕೈಯಲ್ಲಿ ಹಿಡಿದು ಮನೆಯೊಳಗೆ ಓಡಾಡಬೇಕು. ಗರ್ರ್ ಎಲ್ಲಿ ಏರುತ್ತದೋ ಅಲ್ಲೇ ಕಳ್ಳ. ನಮ್ಮಲ್ಲಿ ಅದು ಟಿವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು. ಅದರ ವಯರನ್ನು ಕಪ್ಪನೆಯ ಫೆರೈಟ್ ಬಳೆಯೊಳಗೆ ಏಳೆಂಟು ಸುತ್ತು ಹಾಯಿಸಿದೆ, ಮೀಟರಿನ ಮುಳ್ಳು ಕಣ್ಣೆದುರಿಗೇ ಇಳಿಯಿತು. ಉಳಿದವರ ಮನೆಗೆಲ್ಲ ಬಳೆ ತೊಡಿಸಲಾದೀತೇ? ಹಾಗಾಗಿ ನಾನು ಚಳಿಗಾಲದಲ್ಲಿ ಬೆಳಗಿನ ಐದು ಗಂಟೆಗೆ ಏಳುತ್ತೇನೆ. ಊರು ಮಲಗಿರುತ್ತದೆ, ಲಿಫ್ಟು ನಿಂತಿರುತ್ತದೆ. ಸೂರ್ಯ ಹುಟ್ಟಿದ ಮೇಲೆ ನೆಲದಿಂದ 60ರಿಂದ 90 ಕಿಲೋಮೀಟರ್ ಮೇಲೆ ಒಂದು ಪದರ ಗಟ್ಟಿಯಾಗಿ 7 ಮೆಗಾಹರ್ಟ್ಸ್‌ನ ಅಲೆಯನ್ನು ಹೀರತೊಡಗುತ್ತದೆ. ಅದಕ್ಕೆ ಮುಂಚೆ ಅಲೆ ನೇರ ಮುನ್ನೂರು ಕಿಲೋಮೀಟರ್ ಎತ್ತರದ ಪದರಕ್ಕೆ ತಾಗಿ, ಬಾಗಿ, ದೂರದ ಊರಿಗೆ ಇಳಿಯುತ್ತದೆ.

ಬೇಸಿಗೆಯಲ್ಲಿ ಕರೆಂಟು ಹೋದರಂತೂ ನನಗೆ ಹಬ್ಬ. "ಕರೆಂಟ ಹೋದ್ರ ಇವರ ಮಾರಿ ಯಾಕ ಅರಳತೈತಿ ಅಂತ ನಮ್ಮವರೂ ಕೇಳತಿದ್ರು" ಎಂದರು ಆಕೆ. ಇನ್ವರ್ಟರುಗಳ ಸಣ್ಣ ಗುಂಯ್ ಉಳಿದರೂ ಎಸಿಗಳು ನಿಂತು, ಲಿಫ್ಟು ನಿಂತು, ಬೀದಿದೀಪ ಆರಿ, ಹೆಡ್‌ಫೋನಿನ ಗರ್ರ್ ಪಕ್ಕನೆ ತಗ್ಗಿಬಿಡುತ್ತದೆ. ಅದುವರೆಗೆ ಅಲ್ಲಿಲ್ಲವೇ ಇಲ್ಲ ಅಂದುಕೊಂಡಿದ್ದ ದನಿಗಳು ಒಂದೊಂದಾಗಿ ಮೇಲೇಳುತ್ತವೆ. ನನ್ನ ಸೆಟ್ಟಿಗೆ ಗೋಡೆಯ ಕರೆಂಟು ಬೇಡ, ಬ್ಯಾಟರಿ ಸಾಕು.

ಕಳೆದ ಜೂನಿನ ಒಂದು ರಾತ್ರಿ ಹೀಗೇ ಆಯಿತು. ಸೆಕೆಗೆ ಮನೆಮಂದಿಯೆಲ್ಲ ತಾರಸಿಗೆ ಹೋಗಿದ್ದರು. ಗದ್ದಲ ಇಳಿದೊಡನೆ 7.030ರ ಹತ್ತಿರ ನಿಧಾನವಾದ ಮೋರ್ಸ್ ಕೇಳಿಸಿತು, ಯಾರಾದರೂ ಇದ್ದೀರಾ ಎಂದು ಕೂಗುವ ಸಿಕ್ಯೂ. ಉತ್ತರ ಕೊಟ್ಟೆ. ಆ ಕಡೆಯವರು ಶಿವಮೊಗ್ಗದ ಕಡೆಯವರು. ಅವರ ಸಿಗ್ನಲ್ ನನಗೆ 559, ನನ್ನದು ಅವರಿಗೆ 339. ಅಂದರೆ ಕಷ್ಟಪಟ್ಟು ಓದಬಹುದು, ಬಲ ಕಮ್ಮಿ, ಸ್ವರ ಮಾತ್ರ ಶುದ್ಧ. ನಡುನಡುವೆ ಸಿಗ್ನಲ್ ಮುಳುಗಿ ಏಳುತ್ತಿತ್ತು. ನನ್ನ ಹೆಸರಿನ ಅರ್ಧ ಅವರಿಗೆ ಸಿಕ್ಕಿತು, ಮತ್ತೆ ಹೇಳಿ ಎಂದರು. ಹೇಳಿದೆ. ಮತ್ತೆ ಕೇಳಿದರು. ಬೇಸರಿಸದೆ ಕೇಳಿದರು ಅನ್ನುವುದೇ ನನಗೆ ದೊಡ್ಡದು. ಐದು ವ್ಯಾಟಿನಲ್ಲಿ ಹೇಳುವ ಮಾತು ಅರ್ಧ ನಮ್ಮ ಕೈಯಲ್ಲಿದ್ದರೆ ಉಳಿದರ್ಧ ಆಚೆಯವರ ಕಿವಿಯಲ್ಲಿರುತ್ತದೆ. ಅವರು ಮನಸ್ಸಿಟ್ಟು ಕೇಳದಿದ್ದರೆ ನಾನು ಇಲ್ಲವೇ ಇಲ್ಲ. ನಾನು ಐದು ವ್ಯಾಟ್ ಎಂದು ತಿಳಿಸಿದ ಮೇಲೆ ಅವರು, ತಡೆಯಿರಿ, ನಾನೂ ಇಳಿಸುತ್ತೇನೆ ಎಂದರು. ಅವರ ಸ್ವರ ಸಣ್ಣದಾಯಿತು, ಮಾಯವಾಗಲಿಲ್ಲ. ಇಬ್ಬರೂ ಐದೈದು ವ್ಯಾಟಿನಲ್ಲಿ, ನಡುವೆ ಸಾವಿರದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಮಳೆ ಹಿಡಿದಿದೆ ಎಂದರು, ಇಲ್ಲಿ 40 ಡಿಗ್ರಿ ಎಂದೆ. ಕೊನೆಗೆ ರೂಢಿಯಂತೆ ಅವರೆರಡು, ನಾನೆರಡು ಚುಕ್ಕೆ ಕುಟ್ಟಿ ಮುಗಿಸಿದೆವು. ಮೊಬೈಲಿನಲ್ಲಿ ಊರಿನವರೊಡನೆ ಗಂಟೆಗಟ್ಟಲೆ ಮಾತಾಡಿದರೂ ಆ ಹತ್ತು ನಿಮಿಷದ ತೃಪ್ತಿ ನನಗೆ ಬಂದಿಲ್ಲ.

ಸಣ್ಣ ಶಕ್ತಿಯ ಕೆಲಸ ನಮ್ಮ ಕಡೆಗೆ ಹೊಸದಲ್ಲ ನೋಡಿ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ಬೆಂಗಳೂರಿನಲ್ಲಿ ಇಸ್ರೋದವರು ಕಟ್ಟಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಮೇಲೆ ಹೋಯಿತು. 42.5 ಕಿಲೋ ತೂಕದ ಉಪಗ್ರಹ, ನಮ್ಮಂಥ ಹವ್ಯಾಸಿಗಳಿಗೆಂದೇ ಮಾಡಿದ್ದು. ಅದು ಕೆಳಕ್ಕೆ ಕಳಿಸುತ್ತಿದ್ದದ್ದು ಸುಮಾರು ಒಂದೇ ವ್ಯಾಟ್. 2014ರವರೆಗೆ ದುಡಿಯಿತು. ಇನ್ನು ನನ್ನ ಈ ಸೆಟ್ಟು ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸ, ಮೈಕ್ರೋ ಬಿಟ್‌ಎಕ್ಸ್. ಅವರ ಮೊದಲ ಬಿಟ್‌ಎಕ್ಸ್ ಆರು ವ್ಯಾಟಿನದು. ಬೇಕಾದ ಬಿಡಿಭಾಗ ನಮ್ಮ ದೇಶದಲ್ಲಿ ಸಿಗುವುದಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಬಳಸಿದರು, ಟಿವಿ ಆಂಟೆನಾದ ಬಾಲನ್ ಒಡೆದು ಅದರ ತಿರುಳು ಬಳಸಿದರು. ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ನೋಡಿ ಎಷ್ಟೋ ದೇಶದವರು ತಮ್ಮ ಮೇಜಿನ ಮೇಲೆ ಸೆಟ್ಟು ಕಟ್ಟಿಕೊಂಡಿದ್ದಾರೆ. ನನಗೆ ಅವರ ಮೇಲೆ ಬಹಳ ಗೌರವ.

"ಹೆಣ್ಣುಮಕ್ಕಳು ಭಾಳ ಇದ್ದಾರೇನ್ರಿ ಇದರಾಗ?"

ಇದ್ದಾರೆ, ಇನ್ನೂ ಬೇಕು. ಇದೇ ದಿಲ್ಲಿಯ ಭಾರತಿ ಪ್ರಸಾದ್, ವಿಯು2ಆರ್‌ಬಿಐ, 2004ರ ಡಿಸೆಂಬರಿನಲ್ಲಿ ಹ್ಯಾಮ್ ತಂಡದೊಡನೆ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಅಂಡಮಾನಿನಿಂದ ಪ್ರಪಂಚದ ಹ್ಯಾಮ್‌ಗಳನ್ನು ಮಾತಾಡಿಸಲೆಂದು ಹೋದವರು, 26ನೇ ತಾರೀಖು ಸುನಾಮಿ ಬಂದಾಗ ಅಲ್ಲೇ ಇದ್ದರು. ಟೆಲಿಫೋನ್ ನಿಂತುಹೋಗಿತ್ತು. ಅವರು ಹವ್ಯಾಸದ ಮಾತು ನಿಲ್ಲಿಸಿ, ದ್ವೀಪದಲ್ಲಿ ಸಿಕ್ಕಿಕೊಂಡವರ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಕೂತರು. ಬ್ಯಾಟರಿ, ತಂತಿ, ಕುಟ್ಟಲು ಬಲ್ಲ ಒಂದು ಕೈ, ಇಷ್ಟನ್ನು ಸದಾ ಸಜ್ಜಾಗಿಟ್ಟುಕೊಳ್ಳುವ ಅಭ್ಯಾಸ ಯಾವ ಹೊತ್ತಿಗೆ ಬೇಕಾದೀತೋ ಹೇಳಲಾಗದು.

ಆಗಸ್ಟಿನಲ್ಲಿ ಮಾತ್ರ ನಿಮ್ಮ ಮಕ್ಕಳ ಸಹಾಯ ನನಗೆ ಬೇಕಾಗುತ್ತದೆ. ಸ್ವಾತಂತ್ರ್ಯ ದಿನ ಬಂತೆಂದರೆ ದಿಲ್ಲಿಯ ಆಕಾಶವೆಲ್ಲ ಗಾಳಿಪಟ. ಕತ್ತರಿಸಿಹೋದ ಪಟಗಳ ದಾರ ನನ್ನ ತಂತಿಯ ಮೇಲೆ ಬಂದು ಜೋತುಬೀಳುತ್ತದೆ. ಗಾಜು ಸವರಿದ ಮಾಂಜಾ ಆದರೆ ಎಳೆದರೆ ತಂತಿಯ ಕಟ್ಟೇ ಸವೆಯುತ್ತದೆ, ಅದರಲ್ಲಿ ಗಿಳಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಒಬ್ಬರು ಗಳ ಇಳಿಸಬೇಕು, ಇನ್ನೊಬ್ಬರು ಕತ್ತರಿ ಹಿಡಿದು ಬಿಡಿಸಬೇಕು. ಮೇ ತಿಂಗಳ ಆಂಧಿಗೂ ಹಾಗೇ, ಧೂಳು ಮೇಲೇಳುತ್ತಿದ್ದ ಹಾಗೆಯೇ ಕೇಬಲ್ ಕಿತ್ತು ಹೊರಗೆ ಹಾಕಬೇಕು.

"ನಮ್ಮ ಸಣ್ಣಾಕಿ ಬರ್ತಾಳ ತಗೋರಿ. ಆಕಿಗೆ ಇಂಥಾದ್ದಂದ್ರ ಜೀವ. ಹನ್ನೆರಡು ತುಂಬೇತಿ."

ಹನ್ನೆರಡು ತುಂಬಿದ್ದರೆ ಪರೀಕ್ಷೆಗೇ ಕೂರಬಹುದು ಎಂದೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗ ಬೇಕು, ದಿನಾ ಕಾಲು ಗಂಟೆ ಕೇಳಿದರೆ ಬರುತ್ತದೆ. ಓಹಮನ ನಿಯಮ ಶಾಲೆಯಲ್ಲಿ ಬರುವ ಮೊದಲೇ ನಾನು ಹೇಳಿಕೊಡುತ್ತೇನೆ, ಬೆಸುಗೆ ಹಾಕುವುದನ್ನೂ ಕಲಿಸುತ್ತೇನೆ. ಈ ಶನಿವಾರ ಕಳಿಸಿ. ವೈಶಾಲಿಯಲ್ಲಿ ಮೆಟ್ರೋ ಹತ್ತಿ, ಮಂಡಿ ಹೌಸಿನಲ್ಲಿ ಬದಲಿಸಿ, ಲಾಲ್ ಕಿಲಾದಲ್ಲಿ ಇಳಿದರೆ ಎದುರಿಗೇ ಲಜಪತ್ ರಾಯ್ ಮಾರ್ಕೆಟ್ಟು. ಎನಾಮಲ್ ಹೊದಿಸಿದ ತಾಮ್ರದ ತಂತಿ, ಟ್ರಾನ್ಸಿಸ್ಟರು, ಕೆಪಾಸಿಟರು ಎಲ್ಲ ಅಲ್ಲೇ ತರೋಣ. ನಲ್ಲಿಯ ವಾಷರ್ ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಬರುವಾಗ ನೈಲಾನಿನದು ಎರಡು ಅವಳೇ ಕೊಂಡು ತರಲಿ.